ಹೊರದೇಶದಲ್ಲಿ ಬೇರೆಯವರ ರೀತಿನೀತಿಗಳೊಡನೆ ಹೊಂದಿ ಬಾಳುವುದು ಹೇಗೆ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಡುವವರು ವೀಸಾ, ಬ್ಯಾಂಕ್ ಸಾಲ, ಚಳಿಯ ಬಟ್ಟೆ, ಉಪ್ಪಿನಕಾಯಿ, ಹುರಿಹಿಟ್ಟು ಇವುಗಳ ಸಿದ್ಧತೆಯಲ್ಲಿ ತಿಂಗಳುಗಟ್ಟಲೆ ಮುಳುಗಿರುತ್ತಾರೆ. ಅಲ್ಲಿ ಇಳಿದ ಮೇಲೆ ಪರಿಚಯವೇ ಇಲ್ಲದ ಜನರೊಡನೆ ಒಂದೇ ಅಡುಗೆಮನೆಯಲ್ಲಿ, ಒಂದೇ ಕಟ್ಟಡದಲ್ಲಿ, ಒಂದೇ ಕಚೇರಿಯಲ್ಲಿ ವರ್ಷಗಟ್ಟಲೆ ಇರಬೇಕಾಗುತ್ತದೆ ಎಂಬುದಕ್ಕೆ ಮಾತ್ರ ಯಾರೂ ಸಿದ್ಧರಾಗಿ ಹೋಗುವುದಿಲ್ಲ. ಮೊದಲ ವರ್ಷದ ಅರ್ಧ ಬೇಸರಗಳು ಹುಟ್ಟುವುದು ಇಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ನಮ್ಮ ಸೀಮೆಯವರು ಬರಿಗೈಯಲ್ಲಿ ಹೋಗುವವರಲ್ಲ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡಗಳ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ ನಡೆಯುತ್ತವೆ. ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ತಮಿಳು, ಶಿರಾ ಹಾಗೂ ಚಿಂತಾಮಣಿಯ ಪೇಟೆಗಳಲ್ಲಿ ಉರ್ದು ಕಿವಿಗೆ ಬೀಳುತ್ತಲೇ ಇರುತ್ತವೆ. ನರಸಾಪುರ ಮತ್ತು ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳು ಬಂದಮೇಲೆ ಹೊರರಾಜ್ಯಗಳ ಕಾರ್ಮಿಕರೂ ನೆರೆಯವರಾಗಿದ್ದಾರೆ. ಆದರೆ ಊರಿನ ಈ ಹೊಂದಾಣಿಕೆಯನ್ನು ನಾವು ಬಾಲ್ಯದಲ್ಲಿ ನಮಗೇ ತಿಳಿಯದಂತೆ ಕಲಿತಿರುತ್ತೇವೆ. ಹೊರದೇಶದಲ್ಲಿ ಅದನ್ನು ದೊಡ್ಡವರಾದ ಮೇಲೆ, ತಿಳಿದು, ಬೇಕೆಂದೇ ಮಾಡಬೇಕಾಗುತ್ತದೆ. ಅದಕ್ಕೊಂದು ಕ್ರಮ ಬೇಕು.

ಸಹಿಷ್ಣುತೆ ಎಂದರೆ ಹಲ್ಲು ಕಚ್ಚಿಕೊಂಡು ಸಹಿಸುವುದಲ್ಲ, ಮೇಲಿನಿಂದ ಕರುಣೆ ತೋರುವುದೂ ಅಲ್ಲ. 1995ರ ನವೆಂಬರ್ 16ರಂದು ಯುನೆಸ್ಕೊ ಅಂಗೀಕರಿಸಿದ ಸಹಿಷ್ಣುತೆಯ ತತ್ವಗಳ ಘೋಷಣೆ ಈ ಎರಡನ್ನೂ ಸ್ಪಷ್ಟವಾಗಿ ತಳ್ಳಿಹಾಕುತ್ತದೆ. ತನ್ನ ನಂಬಿಕೆಗಳನ್ನು ಬಿಡಬೇಕೆಂದಾಗಲಿ, ಅನ್ಯಾಯವನ್ನು ಸಹಿಸಬೇಕೆಂದಾಗಲಿ ಅದು ಹೇಳುವುದಿಲ್ಲ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ.

ಮೊದಲು ನಿಮ್ಮ ಮನೆಯ ನಿಯಮಗಳನ್ನು ಬರೆದುಕೊಳ್ಳಿ

ಹೋಗುವ ದೇಶದ ಪದ್ಧತಿಗಳ ಬಗ್ಗೆ ಓದುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಮನೆಯ ಪದ್ಧತಿಗಳನ್ನು ಬರೆಯಿರಿ. ಎಡಗೈಯಲ್ಲಿ ಯಾರಿಗೂ ಏನನ್ನೂ ಕೊಡಬಾರದು; ಚಪ್ಪಲಿ ಬಾಗಿಲಾಚೆ ಇರಬೇಕು; ಕುಡಿಯುವ ಲೋಟ ತುಟಿಗೆ ತಾಗಬಾರದು; ಎಂಜಲು ಕೈ ಪಾತ್ರೆಗೆ ಮುಟ್ಟಬಾರದು; ಹಿರಿಯರನ್ನು ಹೆಸರು ಹಿಡಿದು ಕರೆಯಬಾರದು; ಬಂದವರಿಗೆ ಕಾಫಿ ಕೊಡದೆ ಕಳುಹಿಸಬಾರದು; ಪುಸ್ತಕಕ್ಕೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳಬೇಕು. ಬರೆಯುತ್ತಾ ಹೋದಂತೆ ಪಟ್ಟಿ ಎಷ್ಟು ಉದ್ದವಾಗುತ್ತದೆ ಎಂಬುದನ್ನು ಕಂಡು ನಿಮಗೇ ಆಶ್ಚರ್ಯವಾಗಬಹುದು. ನಮಗೆ ಇವು ನಿಯಮಗಳೆಂದು ಅನ್ನಿಸುವುದೇ ಇಲ್ಲ, ಮನುಷ್ಯರಾದವರು ಹೀಗೆಯೇ ಇರುತ್ತಾರೆ ಎಂದು ಅನ್ನಿಸುತ್ತದೆ. ತೊಂದರೆ ಇರುವುದು ಅಲ್ಲಿಯೇ.

ಸಹಪಾಠಿಯೊಬ್ಬ ಎಡಗೈಯಲ್ಲಿ ಪುಸ್ತಕ ಚಾಚಿದರೆ, ತಾನು ಕಚ್ಚಿದ ಸೇಬನ್ನು ಗೆಳತಿಗೆ ಕೊಟ್ಟರೆ, ನಾಯಿಯನ್ನು ಸೋಫಾದ ಮೇಲೆ ಕೂರಿಸಿಕೊಂಡರೆ, ಅವನು ಯಾವ ನಿಯಮವನ್ನೂ ಮುರಿದಿಲ್ಲ. ನಿಮ್ಮ ಹಾಳೆಯಲ್ಲಿರುವ ನಿಯಮ ಅವನ ಹಾಳೆಯಲ್ಲಿ ಇಲ್ಲ, ಅಷ್ಟೇ. ಅವನ ಹಾಳೆಯಲ್ಲಿ ನೀವು ದಿನವೂ ಮುರಿಯುತ್ತಿರುವ ನಿಯಮಗಳೂ ಇದ್ದೇ ಇರುತ್ತವೆ. ಸಾಲಿನಲ್ಲಿ ಮುಂದಿನವರಿಗೆ ಒತ್ತಿಕೊಂಡು ನಿಲ್ಲುವುದು ಅಂಥದ್ದೊಂದು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಅಲ್ಲಿನವರನ್ನು ಗಮನಿಸಿ, ಪರಿಚಿತರ ನಡುವೆಯೂ ಒಂದೂವರೆಯಿಂದ ನಾಲ್ಕು ಅಡಿಗಳಷ್ಟು ಅಂತರ ಸಹಜವೆಂದು ದಾಖಲಿಸಿದ. ಕೋಲಾರದ ಬಸ್ ನಿಲ್ದಾಣದಲ್ಲಿ ಅಷ್ಟು ಅಂತರ ಬಿಟ್ಟು ನಿಂತರೆ ಬಸ್ಸು ಸಿಗುವುದಿಲ್ಲ ಎಂಬುದು ಬೇರೆ ಮಾತು.

ಕಂಡದ್ದನ್ನು ಹೇಳಿ, ತೀರ್ಪನ್ನು ತಡೆಯಿರಿ

ಏನಾದರೂ ವಿಚಿತ್ರವೆನಿಸಿದಾಗ ಮೊದಲು ಕಂಡದ್ದನ್ನು ಮಾತ್ರ ಮನಸ್ಸಿನಲ್ಲಿ ಹೇಳಿಕೊಳ್ಳಿ. “ಪಕ್ಕದ ಮನೆಯ ಅಜ್ಜಿ ಒಬ್ಬರೇ ಇದ್ದಾರೆ, ಮಗ ತಿಂಗಳಿಗೊಮ್ಮೆ ಬರುತ್ತಾನೆ” ಎಂಬುದು ಕಂಡದ್ದು. “ಇಲ್ಲಿನವರಿಗೆ ಹೆತ್ತವರೆಂದರೆ ಕರುಳೇ ಇಲ್ಲ” ಎಂಬುದು ತೀರ್ಪು. ಈ ಎರಡರ ನಡುವೆ ಕಾರಣವನ್ನು ಹುಡುಕುವ ಕೆಲಸವೊಂದಿದೆ. ಜರ್ಮನಿಯಲ್ಲಿ ವಯಸ್ಸಾದವರ ಆರೈಕೆಯ ವೆಚ್ಚಕ್ಕೆಂದೇ 1995ರಿಂದ ಕಡ್ಡಾಯ ವಿಮೆ ಇದೆ. ಪಿಂಚಣಿ, ಆರೈಕೆಗೆ ಮನೆಗೇ ಬರುವ ದಾದಿಯರು, ವೃದ್ಧರಿಗಾಗಿಯೇ ಕಟ್ಟಿದ ವಸತಿಗಳು ಇವೆಲ್ಲ ಇರುವ ಕಡೆ ಮಕ್ಕಳ ಮೇಲೆ ಭಾರವಾಗದೆ ತನ್ನ ಮನೆಯಲ್ಲಿ ತಾನಿರುವುದನ್ನು ಅನೇಕ ಹಿರಿಯರು ಗೌರವವೆಂದೇ ತಿಳಿಯುತ್ತಾರೆ. ಇದು ನಿಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ಕಾರಣ ತಿಳಿದ ಮೇಲೆ ಆ ಮಗನನ್ನು ಕಟುಕನೆಂದು ಕರೆಯುವುದು ಕಷ್ಟವಾಗುತ್ತದೆ.

ಜರ್ಮನಿಯ ಭಾನುವಾರವೂ ಹಾಗೆಯೇ. ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಗೋಡೆಗೆ ಡ್ರಿಲ್ ಹಾಕುವಂತಿಲ್ಲ. ಬಿಡುವಿರುವ ಒಂದೇ ದಿನದಲ್ಲಿ ಮನೆಗೆಲಸ ಮುಗಿಸುವ ರೂಢಿಯವರಿಗೆ ಇದು ಸಿಟ್ಟು ತರಿಸುತ್ತದೆ. ಭಾನುವಾರದ ವಿಶ್ರಾಂತಿಯನ್ನು ರಕ್ಷಿಸುವ ವಿಧಿಯು 1919ರ ವೈಮಾರ್ ಸಂವಿಧಾನದಲ್ಲಿತ್ತು, ಅದನ್ನೇ 1949ರ ಸಂವಿಧಾನಕ್ಕೂ ಸೇರಿಸಿಕೊಂಡರು ಎಂದು ತಿಳಿದಾಗ ಅದು ಪಕ್ಕದ ಮನೆಯವರ ಕಿರಿಕಿರಿ ಅಲ್ಲವೆಂಬುದು ಗೊತ್ತಾಗುತ್ತದೆ. ಜಪಾನಿನಲ್ಲಿ ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದರೆ ಊಟಕ್ಕೆ ಕುಳಿತವರು ಬೆಚ್ಚುತ್ತಾರೆ, ಏಕೆಂದರೆ ಸತ್ತವರಿಗೆ ಇಡುವ ಅನ್ನದಲ್ಲಿ ಮಾತ್ರ ಹಾಗೆ ನಿಲ್ಲಿಸುತ್ತಾರೆ. ತಿಥಿ ಮಾಡುವ ಮನೆಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎದುರಾದದ್ದು ಕಾನೂನೋ, ರೂಢಿಯೋ, ಆ ವ್ಯಕ್ತಿಯ ಸ್ವಭಾವವೋ ಎಂಬುದನ್ನೂ ಬೇರ್ಪಡಿಸಿಕೊಳ್ಳಬೇಕು. ಕುವೈತ್‌ನಲ್ಲಿ ರಂಜಾನ್ ತಿಂಗಳ ಹಗಲು ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದು ಕಾನೂನಿಗೇ ವಿರುದ್ಧ, ಅಲ್ಲಿ ಚರ್ಚೆಗೆ ಎಡೆಯಿಲ್ಲ. ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿನ ಶೇ 15ರಿಂದ 20ರಷ್ಟು ಟಿಪ್ಸ್ ಇಡುವುದು ರೂಢಿ; ಜಪಾನಿನಲ್ಲಿ ಟಿಪ್ಸ್ ಇಟ್ಟರೆ ಹಣ ಮರೆತು ಹೋದಿರಿ ಎಂದು ಹಿಂದೆಯೇ ಓಡಿ ಬಂದಾರು. ಇನ್ನು ರೂಮ್‌ಮೇಟ್ ಪಾತ್ರೆ ತೊಳೆಯದೆ ಸಿಂಕಿನಲ್ಲಿ ವಾರಗಟ್ಟಲೆ ಬಿಟ್ಟರೆ ಅದು ಯಾವ ಸಂಸ್ಕೃತಿಯೂ ಅಲ್ಲ, ಸೋಮಾರಿತನ. ಅದನ್ನು ಸೋಮಾರಿತನವೆಂದೇ ತಿಳಿದು ಮಾತನಾಡಿ ಸರಿಪಡಿಸಿಕೊಳ್ಳಬೇಕು. ಒಬ್ಬನ ನಡತೆಯನ್ನು ಕಂಡು ಅವನ ದೇಶಕ್ಕೆಲ್ಲ ಹೆಸರಿಡುವ ಚಟ ನಮ್ಮಲ್ಲಿ ಬಲವಾಗಿದೆ, ವಿಶೇಷವಾಗಿ ರಾತ್ರಿ ಊರಿಗೆ ಫೋನ್ ಮಾಡಿದಾಗ.

ಹಂಚಿಕೊಂಡ ಅಡುಗೆಮನೆ

ಸಹಿಷ್ಣುತೆಗೆ ನಿಜವಾದ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ಯುರೋಪಿನ ವಿದ್ಯಾರ್ಥಿ ವಸತಿಗಳಲ್ಲಿ ಹಲವರಿಗೆ ಒಂದೇ ಒಲೆ, ಒಂದೇ ಫ್ರಿಜ್ ಇರುವುದು ಸಾಮಾನ್ಯ. ಅದೇ ಫ್ರಿಜ್ಜಿನಲ್ಲಿ ನಿಮ್ಮ ಮೊಸರಿನ ಪಕ್ಕ ಹಂದಿ ಮಾಂಸವೋ ದನದ ಮಾಂಸವೋ ಇರಬಹುದು. ಮನೆಯಲ್ಲಿ ಮೊಟ್ಟೆಯನ್ನೂ ತರದವರಿಗೆ ಇದು ಬರೀ ಮನಸ್ಸಿನ ಮಾತಲ್ಲ, ಹೊಟ್ಟೆ ತೊಳಸುವ ಮಾತು; ಅದನ್ನು ಅಲ್ಲಗಳೆಯುವುದರಿಂದ ಪ್ರಯೋಜನವಿಲ್ಲ. ಸೇರಿದ ಮೊದಲ ವಾರದಲ್ಲೇ, ಇನ್ನೂ ಯಾವ ಜಗಳವೂ ಹುಟ್ಟದಿರುವಾಗ, ಎಲ್ಲರೂ ಇರುವ ಹೊತ್ತು ನೋಡಿ ಹೇಳಿ: ನಾನು ಮಾಂಸ ತಿನ್ನುವುದಿಲ್ಲ, ಫ್ರಿಜ್ಜಿನ ಮೇಲಿನ ಅರೆ ನನಗಿರಲಿ, ಈ ಬಾಣಲೆ ಮತ್ತು ಸೌಟು ನನ್ನವು, ಇವನ್ನು ಬೇರೆಯದಕ್ಕೆ ಬಳಸಬೇಡಿ. ಇಷ್ಟನ್ನು ಬಹುತೇಕ ಯಾರೂ ನಿರಾಕರಿಸುವುದಿಲ್ಲ. ಆದರೆ ಇಲ್ಲಿ ಯಾರೂ ಮಾಂಸ ಬೇಯಿಸಬಾರದು ಎಂದು ಕೇಳುವ ಹಕ್ಕು ನಿಮಗಿಲ್ಲ. ಅವರು ಬೇಯಿಸುವಾಗ ಮೂಗು ಮುಚ್ಚಿಕೊಂಡು ಹೊರಗೋಡುವುದೂ ತಿನ್ನುವವರ ಮುಖಕ್ಕೆ ಹೊಡೆದಂತೆಯೇ. ಅವರ ಹೊತ್ತು ತಿಳಿದುಕೊಂಡು ನಿಮ್ಮ ಅಡುಗೆಯನ್ನು ಅರ್ಧ ಗಂಟೆ ಹಿಂದೆಮುಂದೆ ಮಾಡಿಕೊಂಡರೆ ಸಾಕು.

ವಾಸನೆಯ ದೂರು ನಮ್ಮ ಕಡೆಯಿಂದ ಮಾತ್ರ ಬರುವುದಿಲ್ಲ. ಬಸ್ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ, ಒಣಮೆಣಸಿನಕಾಯಿಯ ಘಾಟು, ಇಂಗು, ಮಾಂಸಾಹಾರಿಗಳಾದರೆ ಒಣಮೀನಿನ ಸಾರು ಇವು ಮುಚ್ಚಿದ ಕಿಟಕಿಗಳ ಕಟ್ಟಡದಲ್ಲಿ ಪರದೆಗೆ, ಕೋಟಿಗೆ ಹತ್ತಿಕೊಂಡು ದಿನಗಟ್ಟಲೆ ಉಳಿಯುತ್ತವೆ. ಮೆಣಸಿನಕಾಯಿ ಸೀದರೆ ಹೊಗೆಯ ಅಲಾರಂ ಕೂಗಿಕೊಂಡು ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಲ್ಲಬೇಕಾಗಬಹುದು. ಚಿಮಣಿಯ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಕಿಟಕಿ ತೆರೆದು ಒಗ್ಗರಣೆ ಹಾಕಿ. ಅಲಾರಂಗೆ ಮಾತ್ರ ಬಟ್ಟೆ ಕಟ್ಟಬೇಡಿ, ಅದು ಅಪಾಯ ಮತ್ತು ಅಪರಾಧ ಎರಡೂ ಆದೀತು. ನಿಮ್ಮ ಕೋಣೆಯ ಬಟ್ಟೆಗಳನ್ನು ಅಡುಗೆಮನೆಯಿಂದ ದೂರವಿಡಿ.

ಕುತೂಹಲದಿಂದ ಕೇಳುವವರಿಗೂ ಅವಮಾನಿಸಲೆಂದು ಕೇಳುವವರಿಗೂ ವ್ಯತ್ಯಾಸ ಕಾಣಬೇಕು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಮೊದಲ ಸಲ ಕಂಡವರು ಕಣ್ಣರಳಿಸಿಯೇ ತೀರುತ್ತಾರೆ. ರಾಗಿ ಎಂದರೇನು, ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದುವುದು ಹೇಗೆ ಎಂದು ಒಮ್ಮೆ ತೋರಿಸಿ, ಬೇಕೆಂದವರಿಗೆ ಒಂದು ತುತ್ತು ಕೊಡಿ. ಅವರು ಕೊಟ್ಟದ್ದು ನಿಮಗೆ ಬೇಡವಾದರೆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಬೇಡವೆನ್ನಿ. ಅದು ತಿನ್ನುವ ವಸ್ತುವೇ ಅಲ್ಲ ಎಂಬ ಮುಖ ಮಾಡಬೇಡಿ.

ಅಡುಗೆಮನೆಯ ಪ್ರಸ್ತಾಪ ಬಂದಾಗ ಇನ್ನೊಂದನ್ನು ಬಿಡುವಂತಿಲ್ಲ. ಅಲ್ಲಿ ನಿಮ್ಮೊಡನೆ ಇರುವವರು ಎಷ್ಟೋ ಸಲ ಭಾರತದವರೇ ಆಗಿರುತ್ತಾರೆ. ವಿದೇಶೀಯರ ಪದ್ಧತಿಗಳ ಬಗ್ಗೆ ಉದಾರವಾಗಿರುವ ಕೆಲವರು ಸ್ವದೇಶದವನು ಸಿಕ್ಕ ಕೂಡಲೇ “ನೀವು ಯಾವ ಜನ?” ಎಂದು ಕೇಳಿ, ಉತ್ತರದ ಮೇಲೆ ಪಾತ್ರೆ ಹಂಚಿಕೊಳ್ಳುವುದನ್ನು ನಿರ್ಧರಿಸುತ್ತಾರೆ. ಇದು ಹೊರದೇಶದಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಭ್ರಮೆ ಬೇಡ. ಅಮೆರಿಕದ ಸಿಯಾಟಲ್ ನಗರಸಭೆ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು, ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಸಿದ್ಧಗಂಗೆಯ ದಾಸೋಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಉಣ್ಣುವ ಜಿಲ್ಲೆಯಿಂದ ಹೋದವರಿಗೆ ಹಂಚಿ ಉಣ್ಣುವುದನ್ನು ಕಲಿಸಲು ಬೇರೆ ದೇಶದ ಕಾನೂನು ಬರಬೇಕಾಗಿರಲಿಲ್ಲ.

ಮಾತು, ಮೌನ, ಪ್ರಶ್ನೆ

ಸಂಬಳ ಎಷ್ಟು, ಮದುವೆ ಆಯಿತೇ, ಮಕ್ಕಳೆಷ್ಟು ಎಂದು ನಾವು ಕೇಳುವುದು ಅಕ್ಕರೆಯಿಂದ. ಬ್ರಿಟನ್ನಿನಲ್ಲಾಗಲಿ ಜರ್ಮನಿಯಲ್ಲಾಗಲಿ ಹೊಸ ಪರಿಚಯದವರಿಗೆ ಇವು ಖಾಸಗಿ ಕೋಣೆಯ ಬಾಗಿಲು ತಳ್ಳಿದಂತೆ. ಅವರು ತಾವಾಗಿ ಹೇಳುವವರೆಗೆ ಕಾಯಿರಿ. ಮದುವೆಯಾಗದೆ ಒಟ್ಟಿಗಿರುವ ಜೋಡಿ, ಮತ್ತೊಬ್ಬ ಗಂಡಸನ್ನು ತನ್ನ ಗಂಡನೆಂದು ಪರಿಚಯಿಸುವ ಸಹೋದ್ಯೋಗಿ ಎದುರಾಗಬಹುದು. ನೆದರ್ಲೆಂಡ್ಸ್‌ನಲ್ಲಿ 2001ರಿಂದ, ಕೆನಡಾದಲ್ಲಿ 2005ರಿಂದ, ಜರ್ಮನಿಯಲ್ಲಿ 2017ರಿಂದ ಅಂಥ ಮದುವೆಗಳು ಕಾನೂನುಬದ್ಧ. ನಮಸ್ಕಾರ ಹೇಳಿ, ಹೆಸರು ಕೇಳಿ, ಮಾತು ಮುಂದುವರಿಸಿ.

ಕಚೇರಿಯಲ್ಲಿ ಡಚ್ ಅಥವಾ ಜರ್ಮನ್ ಸಹೋದ್ಯೋಗಿ ನಿಮ್ಮ ಕೆಲಸದ ತಪ್ಪನ್ನು ಎಲ್ಲರೆದುರು ನೇರವಾಗಿ ಹೇಳಿ, ಮಧ್ಯಾಹ್ನ ನಿಮ್ಮೊಡನೆಯೇ ಊಟಕ್ಕೆ ಬರುತ್ತಾನೆ. ಅವನು ಬೈದದ್ದು ಕೆಲಸವನ್ನು, ನಿಮ್ಮನ್ನಲ್ಲ. ನಾವು ಮುಖ ಮುರಿಯಬಾರದೆಂದು “ಆಯ್ತು, ನೋಡೋಣ” ಎಂದುಬಿಡುತ್ತೇವೆ. ಅವರು ಅದನ್ನು ಒಪ್ಪಿಗೆಯೆಂದು ಬರೆದುಕೊಂಡು ಗಡುವಿನ ದಿನ ಬಂದು ಕೇಳುತ್ತಾರೆ. ನಾವು ತಲೆಯನ್ನು ಅತ್ತಿತ್ತ ಆಡಿಸುವುದನ್ನು ಅವರು ಇಲ್ಲವೆಂದು ತಿಳಿಯುವುದೂ ಉಂಟು. ಆದ್ದರಿಂದ ಆಗುವುದಾದರೆ ಬಾಯಿ ಬಿಟ್ಟು ಆಗುತ್ತದೆ ಎನ್ನಿ, ಆಗದಿದ್ದರೆ ಎಷ್ಟು ದಿನ ಬೇಕೆಂದು ಹೇಳಿ.

ಸಿಟ್ಟು ಬರುವ ತಿಂಗಳುಗಳು

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ಪರದೇಶಕ್ಕೆ ಹೋದವರ ಮನಸ್ಸು ಮೊದಲು ಎಲ್ಲದಕ್ಕೂ ಮರುಳಾಗಿ, ಆಮೇಲೆ ಎಲ್ಲದರ ಮೇಲೂ ಮುನಿದು, ಕ್ರಮೇಣ ಸುಧಾರಿಸಿಕೊಂಡು, ಕೊನೆಗೆ ಒಗ್ಗಿಕೊಳ್ಳುವ ಹಂತಗಳನ್ನು ವಿವರಿಸಿದ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆಂದಲ್ಲ. ಆದರೆ ಮುನಿಸಿನ ಹಂತದಲ್ಲಿ ಒಂದು ದೇಶದ ಬಗ್ಗೆ ಕೊನೆಯ ತೀರ್ಮಾನ ಮಾಡಬಾರದು ಎಂಬಷ್ಟು ಎಚ್ಚರ ಇದರಿಂದ ಸಿಗುತ್ತದೆ. ಆಗ ಕನ್ನಡದವರ ಜೊತೆ ಸೇರಿ, ಹಿತಕಿದ ಬೇಳೆ ಸಾರು ಮಾಡಿಕೊಂಡು ಉಣ್ಣಿ, ಮನಸಾರೆ ಗೊಣಗಿ. ಆ ಗುಂಪಿನಲ್ಲಿ ಗೊಣಗಾಟ ಬಿಟ್ಟು ಬೇರೆ ಮಾತೇ ಇಲ್ಲವೆಂದು ಕಂಡಾಗ ಮಾತ್ರ ಭೇಟಿಗಳನ್ನು ಕಡಿಮೆ ಮಾಡಿ.

ಎಲ್ಲಿ ಸಹಿಸಬಾರದು

ಬಣ್ಣ, ಧರ್ಮ, ದೇಶದ ಹೆಸರಿನಲ್ಲಿ ಬೈಗುಳ, ಬಾಡಿಗೆ ಮನೆಯ ನಿರಾಕರಣೆ, ಕೆಲಸದಲ್ಲಿ ತಾರತಮ್ಯ ಇವು ಯಾವ ಸಂಸ್ಕೃತಿಯ ಭೇದವೂ ಅಲ್ಲ. ಬ್ರಿಟನ್ನಿನಲ್ಲಿ 2010ರ, ಜರ್ಮನಿಯಲ್ಲಿ 2006ರ ಸಮಾನತೆಯ ಕಾಯ್ದೆಗಳು ಇಂಥದ್ದಕ್ಕೆಂದೇ ಇವೆ. ದಿನಾಂಕ, ಸ್ಥಳ, ಆಡಿದ ಮಾತು, ಅಲ್ಲಿದ್ದವರು ಇವನ್ನು ಅಂದೇ ಬರೆದಿಟ್ಟು ವಿಶ್ವವಿದ್ಯಾಲಯಕ್ಕೋ ಕಂಪನಿಗೋ ಲಿಖಿತ ದೂರು ಕೊಡಿ. ಕೊಲ್ಲಿ ದೇಶಗಳಿಗೆ ಚಾಲಕರಾಗಿ, ಮನೆಗೆಲಸಕ್ಕೆ ಹೋದವರಿಗೆ ಮಾಲೀಕನು ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿನ ಪದ್ಧತಿ ಎಂದು ಏಜೆಂಟರು ಸಮಾಧಾನ ಹೇಳುತ್ತಾರೆ. ಅದನ್ನು ನಂಬಬಾರದು, ಕತಾರ್, ಯುಎಇ ಎರಡರಲ್ಲೂ ಅದು ಕಾನೂನಿಗೆ ವಿರುದ್ಧ. ಭಾರತೀಯ ರಾಯಭಾರ ಕಚೇರಿಗೆ ಹಾಗೂ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಆ ವಿಳಾಸವನ್ನು ಊರಿನಲ್ಲಿ ಮನೆಯವರ ಬಳಿಯೂ ಬರೆದಿಟ್ಟು ಹೋಗಿ.

ಹೆತ್ತವರು ನೋಡಲು ಬಂದಾಗ

ಜರ್ಮನಿ, ನೆದರ್ಲೆಂಡ್ಸ್ ಸೇರಿದಂತೆ ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಿಗೆ ಅಲ್ಪಾವಧಿ ವೀಸಾದ ಮೇಲೆ ಬಂದವರು ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ನೀವು ವರ್ಷಗಳಲ್ಲಿ ಕಲಿತದ್ದನ್ನು ಅಪ್ಪ ಅಮ್ಮ ಒಂದು ವಾರದಲ್ಲಿ ಕಲಿಯಬೇಕಾಗುತ್ತದೆ. ಟಿಕೆಟ್ ಮಾಡಿಸುವ ಹೊತ್ತಿಗೇ ಫೋನಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾ ಬನ್ನಿ: ಬೆಳಗಿನ ಜಾವ ಐದಕ್ಕೆ ಮಿಕ್ಸಿ ಹಾಕುವಂತಿಲ್ಲ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು, ಊದುಬತ್ತಿಯನ್ನು ಅಲಾರಂ ಕೆಳಗೆ ಹಚ್ಚಬಾರದು, ಪಾರ್ಕಿನಲ್ಲಿ ಕಂಡ ಮಗುವಿನ ಕೆನ್ನೆ ಹಿಂಡುವುದಾಗಲಿ ಫೋಟೊ ತೆಗೆಯುವುದಾಗಲಿ ಬೇಡ. ಮುಖ್ಯವಾಗಿ, ವಾಕಿಂಗ್ ಹೋದಾಗ ಬೇಲಿಯಾಚೆ ಬಾಗಿದ ಪಕ್ಕದ ಮನೆಯ ಗುಲಾಬಿಯನ್ನು ಪೂಜೆಗೆಂದು ಕಿತ್ತು ತರಬಾರದು ಎಂಬುದನ್ನು ಅಮ್ಮನಿಗೆ ಎರಡು ಸಲ ಹೇಳಿ, ಅವರು ಬರುವ ಮುಂಚೆಯೇ ಬಾಲ್ಕನಿಯಲ್ಲಿ ಹೂವಿನ ಕುಂಡವೊಂದನ್ನು ತಂದಿಡಿ.