ಕ್ರೇಟ್‌ನಲ್ಲೇ ಗಲೀಜು ಮಾಡುವ ರೆಸ್ಕ್ಯೂ ನಾಯಿಗೆ ಕ್ರೇಟ್ ಕಲಿಸುವುದು

ಕ್ರೇಟ್ ಎಂದರೆ ನಾಯಿ ಮಲಗಲು ಇಡುವ, ಬಾಗಿಲಿರುವ ಪಂಜರ ಅಥವಾ ಪೆಟ್ಟಿಗೆ; ರೆಸ್ಕ್ಯೂ ನಾಯಿ ಎಂದರೆ ಆಶ್ರಯಧಾಮದಿಂದಲೋ (ಶೆಲ್ಟರ್) ಕೆಟ್ಟ ಸ್ಥಿತಿಯಿಂದಲೋ ಕಾಪಾಡಿ ತಂದ ನಾಯಿ. ಕ್ರೇಟ್ ತರಬೇತಿ ನಿಂತಿರುವುದೇ ಒಂದು ನಂಬಿಕೆಯ ಮೇಲೆ: ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳುವುದಿಲ್ಲ. ಹೆಚ್ಚಿನ ನಾಯಿಗಳ ಮಟ್ಟಿಗೆ ಇದು ನಿಜವೇ. ಮೂರು ವಾರ ತುಂಬಿದ ಮರಿ ಕೂಡ ತೂರಾಡಿಕೊಂಡು ಹಾಸಿಗೆಯಿಂದ ಆಚೆ ಬಂದು ಉಚ್ಚೆ ಹೊಯ್ಯಲು ನೋಡುತ್ತದೆ. ಆದರೆ ಆಚೆ ಬರಲು ಜಾಗವೇ ಇಲ್ಲದ ಪಂಜರದಲ್ಲಿ ಬೆಳೆದ ಮರಿಗೆ, ಇಲ್ಲವೇ ತಿಂಗಳುಗಟ್ಟಲೆ ಗೂಡಿನಲ್ಲಿ ಕಳೆದ ನಾಯಿಗೆ ತಿನ್ನುವುದು, ಮಲಗುವುದು, ಕಕ್ಕ ಮಾಡುವುದು ಎಲ್ಲ ಒಂದೇ ಕಡೆ. ಗಲೀಜಿನ ಬಗ್ಗೆ ಇರಬೇಕಾದ ಹೇಸಿಗೆಯೇ ಅದಕ್ಕೆ ಹೋಗಿಬಿಟ್ಟಿರುತ್ತದೆ. ಅಂಥ ನಾಯಿಯನ್ನು ಒಳಗೆ ಹಾಕಿ ಚಿಲಕ ಹಾಕಿದರೆ ಅದು ತಡೆದುಕೊಳ್ಳುವುದನ್ನು ಕಲಿಯುವುದಿಲ್ಲ. ಹಳೇ ಅಭ್ಯಾಸವನ್ನೇ ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಕ್ರಮ ಉಲ್ಟಾ. ಮೊದಲು ಹೊರಗೆ ಹೋಗುವ ಅಭ್ಯಾಸ, ಆಮೇಲೆ ಕ್ರೇಟ್.

ಮೊದಲು ವೈದ್ಯರು, ಆಮೇಲೆ ಕ್ಯಾಮೆರಾ

ತಡೆದುಕೊಳ್ಳಲು ಆಗದ ನಾಯಿಗೆ ಯಾವ ತರಬೇತಿಯೂ ಹತ್ತುವುದಿಲ್ಲ. ಮೊದಲ ವಾರದಲ್ಲೇ ಮಲ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ. ಶೆಲ್ಟರ್‌ನಿಂದ ಬಂದ ನಾಯಿಗಳಲ್ಲಿ ಕೊಕ್ಕೆಹುಳು, ದುಂಡುಹುಳು, ಜಿಯಾರ್ಡಿಯಾ (ಕರುಳಿನ ಸೂಕ್ಷ್ಮ ಪರೋಪಜೀವಿ) ಸಾಮಾನ್ಯ. ಜಿಯಾರ್ಡಿಯಾ ಪ್ರತಿದಿನ ಮಲದಲ್ಲಿ ಬರುವುದಿಲ್ಲ, ಒಂದೇ ಸ್ಯಾಂಪಲ್‌ನಲ್ಲಿ ತಪ್ಪಿಸಿಕೊಳ್ಳುತ್ತದೆ. ಭೇದಿ ನಿಲ್ಲದಿದ್ದರೆ ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ. ಸ್ವಲ್ಪ ಸ್ವಲ್ಪವೇ, ಪದೇ ಪದೇ ಉಚ್ಚೆ ಹೊಯ್ಯುತ್ತಿದ್ದರೆ ಮೂತ್ರದ ಸೋಂಕಿನ ಗುಮಾನಿ. ನಿದ್ದೆಯಲ್ಲೇ ಒದ್ದೆಯಾಗಿ, ಎದ್ದ ಮೇಲೆ ತನಗೇ ಗೊತ್ತಿಲ್ಲದಂತೆ ನೋಡುತ್ತಿದ್ದರೆ, ಅದರಲ್ಲೂ ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಹೆಣ್ಣುನಾಯಿಯಾದರೆ, ಅದು ಮೂತ್ರದ ಹಿಡಿತ ಸಡಿಲವಾದ ತೊಂದರೆ ಇರಬಹುದು. ಅದಕ್ಕೆ ಔಷಧಿ ಇದೆ. 24 ಗಂಟೆಯಲ್ಲಿ ಕುಡಿದ ನೀರನ್ನು ಒಮ್ಮೆ ಅಳೆಯಿರಿ: ದೇಹದ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ದಾಟಿದರೆ ವೈದ್ಯರಿಗೆ ಹೇಳಲೇಬೇಕು. ಆಹಾರವನ್ನು ಏಕಾಏಕಿ ಬದಲಿಸಿದರೂ ಭೇದಿಯಾಗುತ್ತದೆ; ಹಳೆಯದರ ಜೊತೆ ಹೊಸದನ್ನು ಕಾಲುಭಾಗದಿಂದ ಶುರುಮಾಡಿ 7ರಿಂದ 10 ದಿನದಲ್ಲಿ ಪೂರ್ತಿ ಬದಲಿಸಿ.

ಆರೋಗ್ಯ ಸರಿಯಿದ್ದರೆ ಕ್ರೇಟ್‌ನಲ್ಲಿರುವ ನಾಯಿಯ ಎದುರು ಫೋನಿನ ಕ್ಯಾಮೆರಾ ಇಟ್ಟು ಅರ್ಧ ಗಂಟೆ ಹೊರಗೆ ಹೋಗಿ. ಹೊರಗೆ ಕರೆದುಕೊಂಡು ಹೋಗಿ ಖಾಲಿ ಮಾಡಿಸಿದ ಮೇಲೂ ನೀವು ಹೋದ ಕೆಲವೇ ನಿಮಿಷದಲ್ಲಿ ಗಲೀಜು, ಜೊತೆಗೆ ಜೊಲ್ಲು, ಏದುಸಿರು, ಸರಳು ಕಚ್ಚುವುದು, ಟ್ರೇ ಕೆರೆಯುವುದು ಕಂಡರೆ ಅದು ಶೌಚದ ಸಮಸ್ಯೆ ಅಲ್ಲ, ದಿಗಿಲು. ದಿಗಿಲಿನ ನಾಯಿಯನ್ನು ಕ್ರೇಟ್‌ಗೆ ಒಗ್ಗಿಸುತ್ತೇನೆಂದು ಹಟ ಹಿಡಿದರೆ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ. ಅಲ್ಲಿಗೆ ಕ್ರೇಟ್ ಬಳಸುವುದನ್ನೇ ನಿಲ್ಲಿಸಿ, ನಡವಳಿಕೆ ಬಲ್ಲ ಪಶುವೈದ್ಯರನ್ನು ಕಾಣಿ. ಗಲೀಜು ಮಾಡಿ, ಪಕ್ಕದಲ್ಲೇ ಆರಾಮಾಗಿ ಸುರುಳಿ ಸುತ್ತಿ ಮಲಗಿದರೆ ಮಾತ್ರ ಮುಂದಿನದು ನಿಮಗೆ.

ಎರಡು ವಾರ ಕ್ರೇಟ್‌ನ ಚಿಲಕ ಹಾಕಬೇಡಿ

ಈ ಎರಡು ವಾರ ನಾಯಿ ಒಂದೋ ನಿಮ್ಮ ಕಣ್ಣೆದುರು ಇರಬೇಕು, ಇಲ್ಲವೇ ತೊಳೆಯಲು ಸುಲಭವಾದ ನೆಲದ ಮೇಲೆ ಅಡ್ಡಗೇಟು ಹಾಕಿದ ಜಾಗದಲ್ಲಿ. ಮನೆಯಲ್ಲಿದ್ದಾಗ ನಾಯಿಗೆ ಹಾಕಿದ 2 ಮೀಟರ್ ಹಗ್ಗವನ್ನು (ಲೀಶ್) ಸೊಂಟಕ್ಕೆ ಕಟ್ಟಿಕೊಳ್ಳಿ. ಮೂಗು ನೆಲಕ್ಕೆ ಹಚ್ಚಿ ಗಿರಕಿ ಹೊಡೆಯುವುದು, ಅಗಿಯುತ್ತಿದ್ದುದನ್ನು ಥಟ್ಟನೆ ಬಿಟ್ಟು ಏಳುವುದು, ಮೂಲೆಯತ್ತ ಸರಿಯುವುದು: ಇವು ಕಂಡ ತಕ್ಷಣ ಮಾತಿಲ್ಲದೆ ಹೊರಗೆ.

ಎದ್ದ ಕೂಡಲೇ, ಊಟವಾಗಿ 15–20 ನಿಮಿಷಕ್ಕೆ, ಆಟವಾದ ಮೇಲೆ, ಹಗಲು ನಿದ್ದೆ ಮುಗಿದ ಮೇಲೆ ಹೊರಗೆ ಕರೆದೊಯ್ಯಿರಿ. ಉಳಿದಂತೆ ವಯಸ್ಕ ನಾಯಿಗೆ ಎರಡು ಗಂಟೆಗೊಮ್ಮೆ. ತಟ್ಟೆಯನ್ನು ದಿನವಿಡೀ ಇಡಬೇಡಿ. ಹೊತ್ತಿಗೆ ಸರಿಯಾಗಿ ಎರಡು ಬಾರಿ ಇಟ್ಟು 15 ನಿಮಿಷದಲ್ಲಿ ಎತ್ತಿಬಿಡಿ. ಹೊಟ್ಟೆಗೆ ಹೋಗುವ ಹೊತ್ತು ಗೊತ್ತಿದ್ದರೆ ಹೊರಬರುವ ಹೊತ್ತೂ ಸಿಗುತ್ತದೆ. ಒಂದು ಹಾಳೆಯಲ್ಲಿ ಊಟ, ನೀರು, ಉಚ್ಚೆ, ಕಕ್ಕ, ಅನಾಹುತ (ಮನೆಯೊಳಗಿನ ಗಲೀಜು) ಐದನ್ನೂ ಗಂಟೆ ಸಮೇತ ಬರೆಯಿರಿ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಯಾವ ಹೊತ್ತಿನಲ್ಲಿ ಎಡವುತ್ತಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಹೊರಗೆ ಪ್ರತಿಸಲ ಅದೇ ಜಾಗ. ಲೀಶ್ ಹಿಡಿದು ಸುಮ್ಮನೆ 10 ನಿಮಿಷ ನಿಲ್ಲಿ; ಆಟವಿಲ್ಲ, ಮಾತಿಲ್ಲ. ಮುಗಿಸಿದ ಎರಡು ಸೆಕೆಂಡಿನೊಳಗೆ ತಿನಿಸು ಬಾಯಿಗೆ ಹೋಗಬೇಕು, ಹಾಗಾಗಿ ಅದು ಜೇಬಿನಲ್ಲೇ ಇರಲಿ. ಮನೆಗೆ ಬಂದು ಕೊಟ್ಟರೆ ಮನೆಗೆ ಬಂದಿದ್ದಕ್ಕೆ ಕೊಟ್ಟ ಹಾಗೆ. ಎಷ್ಟೋ ನಾಯಿಗಳು ಎರಡು ಕಂತಿನಲ್ಲಿ ಉಚ್ಚೆ ಹೊಯ್ಯುತ್ತವೆ, ಇನ್ನೊಂದೆರಡು ನಿಮಿಷ ಕಾಯಿರಿ. ಆಮೇಲೆ ವಾಕಿಂಗ್. ಕೆಲಸ ಮುಗಿದ ತಕ್ಷಣ ಮನೆಗೆ ಎಳೆದುಕೊಂಡು ಬಂದರೆ, ಹೊರಗೆ ಇನ್ನಷ್ಟು ಹೊತ್ತು ಇರಬೇಕೆಂದರೆ ತಡೆದುಕೊಳ್ಳಬೇಕು ಎಂದು ನಾಯಿ ಲೆಕ್ಕ ಹಾಕುತ್ತದೆ.

ಏನೂ ಮಾಡಲಿಲ್ಲವೇ? ವಾಪಸ್ ಕ್ರೇಟ್‌ಗೆ ಹಾಕಿ ಹದಿನೈದು ನಿಮಿಷ ಬಿಟ್ಟು ಮತ್ತೆ ಕರೆದೊಯ್ಯಿರಿ ಎನ್ನುವ ಸಲಹೆ ಸಾಮಾನ್ಯ ನಾಯಿಗೆ ಸರಿ. ಈ ನಾಯಿ ಕಾಯುತ್ತಿರುವುದೇ ಆ ಹದಿನೈದು ನಿಮಿಷಕ್ಕೆ. ಸೊಂಟದ ಲೀಶ್‌ನಲ್ಲೇ ಇಟ್ಟುಕೊಂಡು ಮತ್ತೆ ಹೊರಡಿ.

ಸಿಮೆಂಟ್ ನೆಲದಲ್ಲೇ ಬೆಳೆದ ನಾಯಿಗೆ ಹುಲ್ಲು ಕಂಡರೆ ಉಚ್ಚೆ ಬಾರದೆ ಇರಬಹುದು. ಅಂಥದಕ್ಕೆ ಮೊದಲು ಸಿಮೆಂಟಿನ ಮೇಲೇ ಬಿಡಿ. ಉಚ್ಚೆ ಒರೆಸಿದ ಕಾಗದವನ್ನು ಹುಲ್ಲಿನ ಅಂಚಿನಲ್ಲಿ ಇಟ್ಟು, ದಿನಕ್ಕೆ ಒಂದೆರಡು ಅಡಿ ಒಳಗೆ ಸರಿಸುತ್ತ ಹೋಗಿ.

ವಾಸನೆ ಎಲ್ಲಿ ಅಡಗಿರುತ್ತದೆ

ಸೋಪಿನಲ್ಲಿ ತೊಳೆದರೆ ನಮ್ಮ ಮೂಗಿಗೆ ಹೋಯಿತು, ನಾಯಿಯ ಮೂಗಿಗಲ್ಲ. ಉಚ್ಚೆಯ ಯೂರಿಕ್ ಆಮ್ಲ ನೀರಿಗೆ ಸುಲಭವಾಗಿ ಕರಗದು. ಅದನ್ನು ಒಡೆಯಲು ಎನ್‌ಜೈಮ್ ಕ್ಲೀನರ್ ಬೇಕು. ಮೊದಲು ತಣ್ಣೀರಿನಲ್ಲಿ ತೊಳೆದು, ಕ್ಲೀನರ್ ಅನ್ನು ನೆನೆಯುವಷ್ಟು ಹಾಕಿ, ಲೇಬಲ್‌ನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ತಾನಾಗಿ ಒಣಗಲು ಬಿಡಿ. ಸಿಂಪಡಿಸಿ ತಕ್ಷಣ ಒರೆಸುವುದು ದಂಡ, ಎನ್‌ಜೈಮ್‌ಗೆ ಕೆಲಸ ಮಾಡಲು ಹೊತ್ತು ಬೇಕು. ಮೊದಲೇ ಫಿನಾಯಿಲ್‌ನಂಥ ಸೋಂಕುನಿವಾರಕ ಹಾಕಿದ್ದರೆ ಚೆನ್ನಾಗಿ ತೊಳೆದು ತೆಗೆಯಿರಿ, ಇಲ್ಲದಿದ್ದರೆ ಎನ್‌ಜೈಮ್ ಸತ್ತ ಹಾಗೆ. ಅಮೋನಿಯಾ ಇರುವ ಕ್ಲೀನರ್ ನಾಯಿಗೆ ಉಚ್ಚೆಯಂತೆಯೇ ನಾರುತ್ತದೆ. ಹಸಿ ಉಚ್ಚೆಯ ಮೇಲೆ ಬ್ಲೀಚ್ ಸುರಿಯಲೇಬಾರದು, ವಿಷಾನಿಲ ಏಳುತ್ತದೆ.

ಟ್ರೇಯ ನಡುಭಾಗ ಎಲ್ಲರೂ ತೊಳೆಯುತ್ತಾರೆ. ಉಳಿದುಹೋಗುವುದು ಟ್ರೇಯ ಮಡಚಿದ ಅಂಚಿನ ಸಂದು, ಟ್ರೇ ಕೆಳಗಿನ ತಂತಿ, ಅದರ ಕೆಳಗಿನ ನೆಲ, ಪ್ಲಾಸ್ಟಿಕ್ ಕ್ರೇಟ್ ಆದರೆ ಮೇಲ್ಭಾಗ ಮತ್ತು ತಳ ಸೇರುವ ಬೋಲ್ಟ್ ಸಾಲು. ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿದರೆ ಒಣಗಿದ ಉಚ್ಚೆಯ ಕಲೆ ಹೊಳೆಯುತ್ತದೆ. ಕ್ರೇಟ್‌ನಲ್ಲಿ ಗೀರು ತುಂಬಿದ್ದರೆ ಬೇರೆಯದೇ ಒಳ್ಳೆಯದು.

ಮತ್ತೆ ಕ್ರೇಟ್

ಕಣ್ಗಾವಲಿನಲ್ಲಿ ಹತ್ತು–ಹದಿನಾಲ್ಕು ದಿನ ಅನಾಹುತವಿಲ್ಲದೆ ಕಳೆದರೆ ಕ್ರೇಟ್ ಹೊರತೆಗೆಯಿರಿ. ಹಳೇ ನೆನಪು ಕೆದಕದಂತೆ ಎಲ್ಲ ಬದಲಾಗಲಿ: ಬೇರೆ ಕೋಣೆ, ಸಾಧ್ಯವಾದರೆ ಬೇರೆ ಬಗೆಯ ಕ್ರೇಟ್, ಬೇರೆ ನೆಲಹಾಸು. ತಂತಿಯ ನೆಲದ ಪಂಜರದಿಂದ ಬಂದ ನಾಯಿಗೆ ಮತ್ತೆ ಕಾಲಿಗೆ ತಂತಿ ಸಿಗಬಾರದು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು 8–10 ಸೆಂಟಿಮೀಟರ್ ಸೇರಿಸಿದರೆ ಉದ್ದ. ಕೂತಾಗ ತಲೆಯ ಎತ್ತರಕ್ಕೆ ಅಷ್ಟೇ ಸೇರಿಸಿದರೆ ಎತ್ತರ. ಕ್ರೇಟ್ ದೊಡ್ಡದಾದರೆ ಡಿವೈಡರ್ (ಒಳಗಿನ ಅಡ್ಡತಡೆ) ಹಾಕಿ. ತೀರಾ ಇಕ್ಕಟ್ಟು ಮಾಡಿದರೆ ತಡೆದುಕೊಳ್ಳುತ್ತದೆ ಎಂಬುದು ಭ್ರಮೆ, ತನ್ನ ಗಲೀಜಿನಲ್ಲೇ ಮಲಗಿ ಅಭ್ಯಾಸವಾದ ನಾಯಿ ಮತ್ತೆ ಅದನ್ನೇ ಮಾಡುತ್ತದೆ.

ದಪ್ಪ ಹಾಸಿಗೆ, ಟವೆಲ್ ಬೇಡ. ಅವು ಉಚ್ಚೆಯನ್ನು ಹೀರಿಕೊಳ್ಳುತ್ತವೆ, ಅವನ್ನು ಮೂಲೆಗೆ ತಳ್ಳಿದರೆ ನಾಯಿಗೆ ಒಣ ಜಾಗ ಸಿಕ್ಕೇಬಿಡುತ್ತದೆ. ಶುರುವಿಗೆ ಜಾರದ ರಬ್ಬರ್ ಮ್ಯಾಟ್ ಸಾಕು. ಮುದಿ ನಾಯಿಗೆ, ಎಲುಬು ಕಾಣುವ ನಾಯಿಗೆ ಮಾತ್ರ ಗಟ್ಟಿ ನೆಲದಲ್ಲಿ ಹುಣ್ಣಾಗುತ್ತದೆ. ಅದಕ್ಕೆ ಕಾಲಿರುವ ಕ್ಯಾನ್ವಾಸ್ ಮಂಚ ಇಡಿ. ಪೀ ಪ್ಯಾಡ್ (ಉಚ್ಚೆ ಹೀರುವ ಹಾಳೆ) ಒಳಗೆ ಬೇಡವೇ ಬೇಡ. ಕುತ್ತಿಗೆಪಟ್ಟಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು, ಬಿಚ್ಚಿಯೇ ಒಳಗೆ ಬಿಡಿ.

ಮೊದಲ ಕೆಲವು ದಿನ ಬಾಗಿಲು ತೆರೆದೇ ಇರಲಿ, ಊಟ ಒಳಗೆ. ಆಮೇಲೆ ಊಟದ ಹೊತ್ತಿಗಷ್ಟೇ ಬಾಗಿಲು ಹಾಕಿ, ತಟ್ಟೆ ಖಾಲಿಯಾದ ತಕ್ಷಣ ತೆಗೆದು ನೇರ ಹೊರಗೆ. ಮುಂದೆ ನೀವು ಕೋಣೆಯಲ್ಲೇ ಕೂತು 1, 3, 5, 10, 20 ನಿಮಿಷ, ಪ್ರತಿಸಲವೂ ಹೊರಗೆ ಪೂರ್ತಿ ಖಾಲಿ ಮಾಡಿಸಿದ ಮೇಲೆ. ಒಂದು ಅವಧಿ ನಾಲ್ಕೈದು ಸಲ ಗಲೀಜಾಗದೆ ಒಣಗಿಯೇ ಮುಗಿದರೆ ಮಾತ್ರ ಹೆಚ್ಚಿಸಿ. ಎಡವಿದರೆ ಅರ್ಧಕ್ಕೆ ಇಳಿಸಿ. ಹಗಲಲ್ಲಿ ವಯಸ್ಕ ನಾಯಿಗೆ ನಾಲ್ಕು ಗಂಟೆಯೇ ಮಿತಿ ಎಂದುಕೊಳ್ಳಿ. ಮರಿಗೆ ತಿಂಗಳ ವಯಸ್ಸಿಗೆ ಒಂದು ಕೂಡಿಸಿದಷ್ಟು ಗಂಟೆ ಎನ್ನುವ ಲೆಕ್ಕವಿದೆ, ಆದರೆ ಅದು ಗರಿಷ್ಠ, ಗುರಿಯಲ್ಲ.

ರಾತ್ರಿಗೆ ಕ್ರೇಟ್ ನಿಮ್ಮ ಮಂಚದ ಪಕ್ಕದಲ್ಲಿರಲಿ, ಮಿಸುಕಾಡಿದ ಸದ್ದು ಕೇಳಬೇಕು. ರಾತ್ರಿಯೂಟ ಮಲಗುವ ನಾಲ್ಕು ಗಂಟೆ ಮೊದಲೇ ಮುಗಿಯಲಿ. ಹಾಳೆ ನೋಡಿ: ಎಡವುವುದು 3 ಗಂಟೆಗಾದರೆ 2:30ಕ್ಕೆ ಅಲಾರಂ. ದೀಪ ಹಚ್ಚದೆ, ಮಾತಾಡಿಸದೆ ಕರೆದೊಯ್ದು ತಂದು ಮಲಗಿಸಿ. ಮೂರ್ನಾಲ್ಕು ರಾತ್ರಿ ಒಣಗಿದ್ದರೆ ಅಲಾರಂ 15 ನಿಮಿಷ ಮುಂದಕ್ಕೆ. ಹಗಲಲ್ಲಿ ನೀರು ಕಟ್ಟಬೇಡಿ; ಮಲಗುವ ಒಂದು ಗಂಟೆ ಮೊದಲು ಬಟ್ಟಲು ಎತ್ತುವುದಾದರೂ ಮೂತ್ರಪಿಂಡ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೇ.

ಗಲೀಜು ಮಾಡಿದ ದಿನ ಬೈಯುವುದು, ಮೂಗು ಅದಕ್ಕೆ ತಿಕ್ಕುವುದು ಯಾವುದೂ ಬೇಡ. ನಾಯಿ ತಲೆ ತಗ್ಗಿಸುವುದು ತಪ್ಪು ಒಪ್ಪಿಕೊಂಡಲ್ಲ. ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಮುಖ ನಾಯಿಯ ತಪ್ಪಿಗಿಂತ ಒಡೆಯರ ಗದರಿಕೆಗೇ ಹೆಚ್ಚಾಗಿ ಮೂಡಿತ್ತು. ಹೊಡೆತ ತಿಂದ ನಾಯಿ ಕಲಿಯುವುದು ನಿಮ್ಮೆದುರು ಉಚ್ಚೆ ಹೊಯ್ಯಬಾರದು ಎಂಬುದನ್ನು. ಆಮೇಲೆ ಲೀಶ್ ಹಿಡಿದು ಅರ್ಧ ಗಂಟೆ ನಿಂತರೂ ಹೊರಗೆ ಮಾಡದು. ಕೆಲವು ನಾಯಿಗಳು ಹೆದರಿ ತಮ್ಮ ಕಕ್ಕವನ್ನೇ ತಿಂದುಬಿಡಬಹುದು.

ಮೂರ್ನಾಲ್ಕು ವಾರ ಒಣಗಿದ್ದು ಮತ್ತೆ ಶುರುವಾದರೆ ಮೊದಲು ಹೊಟ್ಟೆ, ಆಹಾರ, ಔಷಧಿ ನೋಡಿ. ಸ್ಟೀರಾಯ್ಡ್ ಕೊಡುತ್ತಿದ್ದರೆ ಬಾಯಾರಿಕೆ, ಉಚ್ಚೆ ಎರಡೂ ಹೆಚ್ಚುತ್ತವೆ. ಇವೆಲ್ಲ ಸರಿಯಿದ್ದು ಎರಡು ತಿಂಗಳ ಶ್ರದ್ಧೆಯ ಬಳಿಕವೂ ಮುಚ್ಚಿದ ಬಾಗಿಲ ಹಿಂದೆ ಮಾತ್ರ ಎಡವುತ್ತಿದ್ದರೆ, ಗೇಟು ಹಾಕಿದ ಕೋಣೆಯಲ್ಲಿ ಒಂದು ತುದಿಗೆ ಹಾಸಿಗೆ, ಇನ್ನೊಂದು ತುದಿಗೆ ಶೌಚಕ್ಕೆಂದು ನೈಸರ್ಗಿಕ ಹುಲ್ಲಿನ ತಟ್ಟೆ ಇಟ್ಟು ನೋಡಿ. ಕ್ರೇಟ್ ಬೇಕೇಬೇಕಾಗುವುದು ಪ್ರಯಾಣಕ್ಕೆ ಮತ್ತು ಆಸ್ಪತ್ರೆಗೆ. ಅಲ್ಲಿಗೆ ಅರ್ಧ ಗಂಟೆ ಆರಾಮಾಗಿ ಕೂರುವಷ್ಟು ಕಲಿತರೆ ಸಾಕು.