ತಾಲೂಕಿನಿಂದ ಟಿಸಿಗೆ (ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗೆ) ಇಳಿದ ಮೇಲೆ ಸಿಕ್ಕ ನೀರಿನ ಲೆಕ್ಕ

ಕೋಲಾರದ ಕಡೆ ತಾಲೂಕುವಾರು ಅಂತರ್ಜಲ ವರದಿ ತೆರೆದರೆ ‘ಅತಿಬಳಕೆ’ ಎಂದೇ ಇರುತ್ತದೆ. ಸುಳ್ಳೇನಲ್ಲ. ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ಮೊದಲು ಯಾವ ಊರಿಗೆ ಎಂದು ಕೇಳುವ ಪಂಚಾಯಿತಿಗೆ ಅದರಿಂದ ಉತ್ತರ ಸಿಗದು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆಯ ಕೆಳಗಿನ ಊರಿಗೂ ಗುಡ್ಡದಾಚೆಯ ಊರಿಗೂ ಒಂದೇ ಅಂಕಿ.

ಕಿರುಜಲಾನಯನಕ್ಕೆ, ಅಂದರೆ ಮಳೆನೀರು ಒಂದೇ ಹಳ್ಳಕ್ಕೆ ಹರಿದು ಸೇರುವಷ್ಟು ಜಾಗಕ್ಕೆ, ಇಳಿದು ನೋಡೋಣ ಎಂದು ಮೊದಲು ಉಪಗ್ರಹ ಚಿತ್ರ ಹಿಡಿದೆ. ಏಪ್ರಿಲ್‌ನಲ್ಲಿ ನೀಲಗಿರಿ ತೋಪು, ಮಾವು, ಟೊಮೆಟೊ ಎಲ್ಲವೂ ಹಸಿರೇ. ಕೊಳವೆಬಾವಿಯ ನೀರು ಕುಡಿದದ್ದು ಯಾವುದು ಎಂದು ಬೇರ್ಪಡಿಸಲಾಗಲಿಲ್ಲ. ಆಮೇಲೆ ಮನೆಮನೆ ಸಮೀಕ್ಷೆ. ಹುಡುಗರ ಕೂಲಿ, ಪೆಟ್ರೋಲ್ ಸೇರಿ ಎಂಬತ್ತು ಸಾವಿರದ ಹತ್ತಿರ ಕರಗಿತು. ಕೇಳಿದವರೆಲ್ಲ ‘ಎರಡಿಂಚು ನೀರು’ ಎಂದರು. ಬಾವಿಯ ನೀರು ಅಳೆಯುವ ‘ವಿ’ ಆಕಾರದ ಕಚ್ಚಿನಲ್ಲಿ (ವಿ-ನಾಚ್) ಒಂದಿಂಚೆಂದರೆ ಗಂಟೆಗೆ ಐನೂರು ಲೀಟರ್, ಎರಡಿಂಚೆಂದರೆ ಮೂರು ಸಾವಿರದ ಸಮೀಪ. ಅಂದಾಜು ಅರ್ಧ ಇಂಚು ತಪ್ಪಿದರೂ ಊರಿನ ಲೆಕ್ಕವೇ ಬುಡಮೇಲು.

ಕೊನೆಗೆ ಪಂಪುಗಳಿಗೆ ಕರೆಂಟು ಕೊಡುವ ಟಿಸಿಗಳನ್ನು ಹಿಡಿದೆ. ಪ್ರತಿ ಟಿಸಿ ಎಲ್ಲಿದೆ, ಅದಕ್ಕೆ ಎಷ್ಟು ಪಂಪು ಎಂಬುದು ಲೈನ್‌ಮನ್‌ಗೆ ಬಾಯಿಪಾಠ. ಅದರ ಯೂನಿಟ್ ಲೆಕ್ಕ ಹಿಡಿದು, ಆಯ್ದ ನಾಲ್ಕೈದು ಬಾವಿಗಳಲ್ಲಿ ಡ್ರಮ್ಮು, ಸ್ಟಾಪ್‌ವಾಚ್ ಇಟ್ಟುಕೊಂಡು ಯೂನಿಟ್‌ಗೆ ಎಷ್ಟು ಲೀಟರ್ ಎಂದು ಅಳೆದೆ. ಮುನ್ನೂರು ಅಡಿಯಿಂದ ಎತ್ತುವಲ್ಲಿ ಸಾವಿರದಿನ್ನೂರರಷ್ಟು ಬಂದರೆ, ಸಾವಿರ ಅಡಿಯಿಂದ ಎತ್ತುವಲ್ಲಿ ನಾನೂರೂ ಕಷ್ಟ. ಈ ವ್ಯತ್ಯಾಸ ಬಿಟ್ಟು ಬರೀ ಯೂನಿಟ್ ಗುಣಿಸಿದರೆ ಬತ್ತುತ್ತಿರುವ ಊರೇ ಹೆಚ್ಚು ನೀರು ಎತ್ತುತ್ತಿದೆ ಎಂದು ತೋರುತ್ತದೆ. ಅಳೆಯುವ ಬಾವಿಗಳನ್ನು ಹೇಗೆ ಆರಿಸುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

‘ಕರೆಂಟು ಎಣಿಸಿ ನೀರು ಅಳೆಯುತ್ತೀರಾ?’ ಎಂದು ನಿವೃತ್ತ ಭೂವಿಜ್ಞಾನಿಯೊಬ್ಬರು ನಕ್ಕಿದ್ದರು. ಟ್ಯಾಂಕರ್ ಬೇಕಾದೀತು ಎಂದು ಜನವರಿಯಲ್ಲಿ ನಾನು ಗುರುತು ಹಾಕಿಕೊಟ್ಟ ಆರು ಊರುಗಳಲ್ಲಿ ಐದಕ್ಕೆ ಮಾರ್ಚ್ ಮುಗಿಯುವುದರೊಳಗೆ ಟ್ಯಾಂಕರ್ ಹೋಯಿತು. ತಾಲೂಕಿನ ಅಂಕಿ ಮಾತ್ರ ಇದ್ದಲ್ಲೇ ಇತ್ತು. ಈಗ ಆ ಭೂವಿಜ್ಞಾನಿಯೇ ಫೋನ್ ಮಾಡುತ್ತಾರೆ.

ನಡುವೆ ಖಾಸಗಿ ಟ್ಯಾಂಕರ್ ದರವನ್ನೂ ವಾರವಾರ ಬರೆದಿಟ್ಟೆ. ಬಾವಿಯ ಮಟ್ಟ ಇಳಿಯುವುದಕ್ಕೂ ಮೊದಲೇ ದರ ಏರಿದ ಊರುಗಳಿವೆ. ಕಾರಣ ಮದುವೆ ಸೀಸನ್ನೋ ಬಾವಿಯೋ ಎಂದು ಬಿಡಿಸಲಾಗದೆ ಕೈಬಿಟ್ಟೆ. ಟಿಸಿ ಲೆಕ್ಕದಲ್ಲಿ ಈಗ ಒಂದು ಕಿರುಜಲಾನಯನ ಹತ್ತು ಹನ್ನೆರಡು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ತೊಡಕು ಸೋಲಾರ್ ಪಂಪಿನದು. ಅವು ಟಿಸಿಯ ಲೆಕ್ಕಕ್ಕೇ ಸಿಗುವುದಿಲ್ಲ, ಸದ್ಯಕ್ಕೆ ಫಲಕ ಎಣಿಸಿ ಅಂದಾಜು ಸೇರಿಸುತ್ತಿದ್ದೇನೆ.