ಒಣಗಿದ್ದರೆ ರದ್ದಿ, ತೊಯ್ದರೆ ಕಸ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು 31 ವರ್ಷ ಬೈಂಡಿಂಗ್ ಕೆಲಸ ಮಾಡಿದವನು. ಕಟಿಂಗ್ ಮಷಿನ್ ಕೆಳಗೆ ದಿನಾ ಚೂರುಗಳ ಗುಡ್ಡೆ ಬೀಳುತ್ತಿತ್ತು. ಅಚ್ಚಾಗದ ಬಿಳಿ ಚೂರು ಒಂದು ಚೀಲಕ್ಕೆ, ಬಣ್ಣ ಹತ್ತಿದ್ದು ಇನ್ನೊಂದಕ್ಕೆ. ಬಿಳಿಗೆ ರೇಟು ಜಾಸ್ತಿ. ಒಂದು ಮುಷ್ಟಿ ಬಣ್ಣದ್ದು ಬಿಳಿ ಚೀಲಕ್ಕೆ ಬಿತ್ತೋ, ಇಡೀ ಚೀಲಕ್ಕೆ ಬಣ್ಣದ ರೇಟು. ಅದರ ಮೇಲೆ ಯಾರಾದರೂ ಚಹಾ ಚೆಲ್ಲಿದರೆ ಆ ರೇಟೂ ಇಲ್ಲ.

ಕೆಲಸ ಬಿಟ್ಟ ಮೇಲೆ ಬೆಟಗೇರಿಯ ನಮ್ಮ ಓಣಿಯ ಕಟ್ಟೆ ಮೇಲೆ ಕೂತು ನೋಡಿದೆ. 22 ಮನೆ. ಎಲ್ಲರ ಬಕೀಟಿನಲ್ಲೂ ಅದೇ ಕಥೆ. ರಟ್ಟಿನ ಡಬ್ಬಿ ಮೇಲೆ ಚಹಾಪುಡಿ, ಹಾಲಿನ ಪಾಕೀಟಿನ ಮೇಲೆ ನಿನ್ನೆಯ ಸಾರು. ದುಡ್ಡಾಗುವ ಮಾಲನ್ನು ನಾವೇ ತೊಯ್ಸಿ ಕಸ ಮಾಡುತ್ತಿದ್ದೆವು. ಮೂರು ವರ್ಷದಿಂದ ಏನು ಮಾಡುತ್ತಿದ್ದೇವೆ ಅಂತ ಹೇಳುತ್ತೇನೆ. ನಿಮ್ಮ ಓಣಿಗೆ ಹೊಂದುವಷ್ಟು ತಗೊಳ್ಳಿ.

ಹಸಿ ಬೇರೆ, ಒಣ ಬೇರೆ, ಅಪಾಯದ್ದು ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ನಾನು ಅದನ್ನು ಹೇಳಲು ಹೋದರೆ ಎದುರು ಮನೆಯ ತಂಗಿ ಕೇಳಿದಳು: "ಕಾಕಾ, ಅಡಗಿ ಮನ್ಯಾಗ ಇನ್ನೊಂದು ಬಕೀಟ ಇಡಾಕ ಜಾಗ ಎಲ್ಲೈತ್ರಿ?" ನಿಜವೇ. ಅದಕ್ಕೆ ಇನ್ನೊಂದು ಬಕೀಟು ಬೇಡ. ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ಖಾಲಿ ಅಕ್ಕಿಚೀಲ ತೂಗುಹಾಕಿ. ಒಣಗಿದ್ದೆಲ್ಲ ಅದಕ್ಕೆ. ಬಕೀಟು ಹಸಿಗೆ ಮಾತ್ರ. ಬ್ಲೇಡು, ಒಡೆದ ಬಲ್ಬು, ಸೆಲ್ಲು, ಹಳೆ ಮಾತ್ರೆ ಇವಕ್ಕೆ ಮುಚ್ಚಳವಿರುವ ಒಂದು ಡಬ್ಬಿ. ಪ್ಯಾಡು, ಡಯಾಪರ್ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡಿ. ಬರಿಗೈಯಲ್ಲಿ ಅದನ್ನು ಆರಿಸುವವರೂ ಯಾರದೋ ಮನೆಯ ಅವ್ವ, ಅಕ್ಕ.

ಇದನ್ನು ಒಂದೇ ಮನೆಯವರು ಮಾಡಿದರೆ ಬೇಜಾರು ಬರುತ್ತದೆ. ಹಾಲಿನ ಪಾಕೀಟಿನ ಲೆಕ್ಕ ನೋಡಿ. ಅರ್ಧ ಲೀಟರಿನ ಖಾಲಿ ಪಾಕೀಟು ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಒಂದು ಕಿಲೋ ಆಗಲು ಸುಮಾರು 400 ಬೇಕು. ದಿನಕ್ಕೊಂದು ತರುವ ಮನೆಗೆ ವರ್ಷದ ಮೇಲೆ ಹಿಡಿಯುತ್ತದೆ. 22 ಮನೆ ಸೇರಿದರೆ 18 ದಿನ! ಕಿಲೋ ಇದ್ದರೆ ಗುಜರಿಯವನು ತಕ್ಕಡಿ ಎತ್ತುತ್ತಾನೆ, ನಾಲ್ಕು ಪಾಕೀಟಿಗೆ ತಿರುಗಿಯೂ ನೋಡುವುದಿಲ್ಲ.

ಪಾಕೀಟು ತೊಳೆಯಬೇಕು, ಇಲ್ಲವಾದರೆ ಮರುದಿನವೇ ನಾತ. ಆದರೆ ದಿನಾ ನಲ್ಲಿ ಬರುವ ಊರಲ್ಲ ನಮ್ಮದು. ಹೊಸ ನೀರು ಖರ್ಚು ಮಾಡಬೇಡಿ. ಭಾಂಡೆ ತೊಳೆದ ಮೇಲೆ ಉಳಿದ ನೀರಿನಲ್ಲೇ ಒಮ್ಮೆ ಜಾಲಾಡಿಸಿ, ಗೋಡೆಗೆ ಬಡಿದು, ಹಗ್ಗಕ್ಕೆ ಸಿಕ್ಕಿಸಿ. ಇನ್ನೊಂದು: ಮೂಲೆ ಕತ್ತರಿಸುವಾಗ ತುಂಡು ಪೂರ್ತಿ ಬೇರೆ ಆಗದಂತೆ ಸ್ವಲ್ಪ ಬಿಟ್ಟು ಕತ್ತರಿಸಿ. ಆ ಚಿಕ್ಕ ತುಂಡನ್ನು ಯಾರೂ ಆರಿಸುವುದಿಲ್ಲ, ಗಟಾರಕ್ಕೇ ಹೋಗುತ್ತದೆ.

ಈಗ ಕಾಗದ. ಇಲ್ಲಿ ನನ್ನನ್ನು ತಡೆಯುವವರಿಲ್ಲ, ಸಹಿಸಿಕೊಳ್ಳಿ. ಕಾಗದ ಮತ್ತೆ ಕಾಗದ ಆಗಬೇಕಾದರೆ ಅದು ನೀರಿನಲ್ಲಿ ಕರಗಿ ಹಿಟ್ಟಾಗಬೇಕು. ಕರಗದ್ದು ಏನಿದ್ದರೂ ತೊಂದರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಹರಿದು ನೋಡಿ. ಹರಿದ ಅಂಚಿನಲ್ಲಿ ಎಳೆ ಎಳೆ ಕಂಡರೆ ಒಳ್ಳೆ ಕಾಗದ. ತೆಳ್ಳನೆ ಪದರ ಜಗ್ಗಿ ಬಂದರೆ ಪ್ಲಾಸ್ಟಿಕ್ ಅಂಟಿಸಿದ್ದಾರೆ ಅಂತ ಅರ್ಥ. ಮದುವೆ ಕಾರ್ಡುಗಳಲ್ಲಿ ಇದು ಜಾಸ್ತಿ. ಲ್ಯಾಮಿನೇಷನ್, ಬಂಗಾರದ ಬಣ್ಣದ ಹಾಳೆ, ಮೇಲೊಂದು ಮಿಂಚು. ಎಷ್ಟೋ ಸಾವಿರ ಕಾರ್ಡು ನನ್ನ ಕೈಯಿಂದಲೇ ಹೋಗಿವೆ, ಆ ಪಾಪದಲ್ಲಿ ನನಗೂ ಪಾಲಿದೆ. ಇನ್ನು ನಿಮ್ಮ ಮನೆಯ ಮದುವೆಗೆ ಕಾರ್ಡು ಮಾಡಿಸುವಾಗ ಲ್ಯಾಮಿನೇಷನ್ ಬೇಡ ಅನ್ನಿ. ಖರ್ಚೂ ಕಡಿಮೆ.

ಎಟಿಎಂ ಚೀಟಿ, ಮಷಿನ್ನಿನಿಂದ ಬರುವ ಬಸ್ ಟಿಕೀಟು, ಅಂಗಡಿ ಬಿಲ್ಲು ಇವನ್ನು ರದ್ದಿಗೆ ಹಾಕಬೇಡಿ. ಉಗುರಿನಿಂದ ಗೀರಿ, ಕರಿ ಗೆರೆ ಬಿದ್ದರೆ ಅದು ಮಸಿಯಿಲ್ಲದೆ ಬಿಸಿಗೆ ಅಚ್ಚಾಗುವ ಕಾಗದ. ಅದಕ್ಕೆ ರಾಸಾಯನಿಕ ಬಳಿದಿರುತ್ತಾರೆ. ಮಕ್ಕಳ ನೋಟ್‌ಬುಕ್ಕಿನ ಪಿನ್ನು ಇದ್ದರೆ ಇರಲಿ, ಗಿರಣಿಯಲ್ಲಿ ತೆಗೆಯುತ್ತಾರೆ. ಗೈಡುಗಳ ಬೆನ್ನಿಗೆ ಹಚ್ಚಿದ ಗಟ್ಟಿ ಅಂಟು ಮಾತ್ರ ಕಷ್ಟ. ಬೆನ್ನನ್ನು ಕಿತ್ತು ಕೊಡಿ. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರು ಎಣ್ಣೆ ಕುಡಿದಿರುತ್ತದೆ. ಅದು ರದ್ದಿಗೆ ನಡೆಯುವುದಿಲ್ಲ.

ನಾನು ಎಡವಿದ್ದು ಎಲ್ಲಿ ಗೊತ್ತಾ? ಮೊದಲ ತಿಂಗಳು ಪೇಪರನ್ನೂ ಓಣಿಯ ಚೀಲಕ್ಕೆ, ಅಂದರೆ ಎಲ್ಲ ಮನೆಯ ಒಣ ಮಾಲು ಸೇರಿಸುವ ಚೀಲಕ್ಕೆ, ಹಾಕಿ ಅಂದೆ. ಒಬ್ಬರೂ ತರಲಿಲ್ಲ. ಆಮೇಲೆ ನಮ್ಮ ಮನೆಯವಳೇ ಹೇಳಿದಳು: "ರದ್ದಿ ರೊಕ್ಕ ಹೆಣ್ಮಕ್ಕಳದ್ರಿ. ಅದಕ್ಕ ಕೈ ಹಾಕಿದ್ರ ಯಾರ್ ಬರ್ತಾರ?" ಸರಿಯಾದ ಮಾತು. ಪೇಪರು ಅವರವರೇ ಮಾರಿಕೊಳ್ಳಲಿ. ಓಣಿಯ ಚೀಲಕ್ಕೆ ಒಬ್ಬೊಬ್ಬರೇ ಮಾರಲಾಗದ್ದು ಮಾತ್ರ: ಪಾಕೀಟು, ರಟ್ಟಿನ ಡಬ್ಬಿ, ಶಾಂಪೂ ಬಾಟ್ಲಿ, ಔಷಧದ ಸೀಸೆ, ತಗಡಿನ ಡಬ್ಬಿ. ತಿಂಗಳ ಕೊನೆಯ ರವಿವಾರ ಗುಜರಿಯವನನ್ನು ಓಣಿಗೇ ಕರೆಸುತ್ತೇವೆ. ತೂಕ ಎಲ್ಲರ ಎದುರಿಗೆ, ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ. ಚಿಪ್ಸ್ ಪಾಕೀಟು, ಗುಟ್ಕಾ ಚೀಟಿ ಅವನು ಮುಟ್ಟುವುದಿಲ್ಲ. ಅವು ಬೇರೆ ಬೇರೆ ಪದರ ಅಂಟಿಸಿ ಮಾಡಿದವು. ಗಾಡಿಯ ಒಣ ಕಸಕ್ಕೆ ಕೊಡಿ, ಸುಡಬೇಡಿ.

ಆ ದುಡ್ಡಿಗೆ ಮೊದಲ ವರ್ಷ ಸ್ವಲ್ಪ ಪಟ್ಟಿ ಎತ್ತಿ 25 ಸ್ಟೀಲ್ ತಾಟು, 25 ವಾಟಗ ತಂದೆವು. ಓಣಿಯಲ್ಲಿ ನಾಮಕರಣ, ಸೀಮಂತ ಇದ್ದರೆ ಅವೇ ಹೋಗುತ್ತವೆ. ಬಾಡಿಗೆ ಇಲ್ಲ, ತೊಳೆದು ಎಣಿಸಿ ಕೊಡಬೇಕು ಅಷ್ಟೇ. ಹೊಳೆಯುವ ಪೇಪರ್ ತಾಟು ಪೇಪರೂ ಅಲ್ಲ ಪ್ಲಾಸ್ಟಿಕ್ಕೂ ಅಲ್ಲ, ಯಾವ ಚೀಲಕ್ಕೂ ಸೇರುವುದಿಲ್ಲ.

ಹಸಿ ಕಸದ ಬಗ್ಗೆ ನನಗಿಂತ ಹಿತ್ತಲಿದ್ದವರಿಗೆ ಜಾಸ್ತಿ ಗೊತ್ತು. ಕಾಯಿಪಲ್ಲೆ ಸಿಪ್ಪೆ ಎಮ್ಮೆ ಇರುವ ಮನೆಗೆ ಹೋಗುತ್ತದೆ, ಚೀಲ ಕಟ್ಟದೆ ಬುಟ್ಟಿಯಲ್ಲಿ. ಕಾರ್ಯದಲ್ಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಹಾಕಬೇಡಿ, ದನದ ಹೊಟ್ಟೆ ಕೆಡುತ್ತದೆ, ಸಾಯಲೂಬಹುದು. ಉಳಿದದ್ದನ್ನು ಗೊಬ್ಬರ ಮಾಡಲು ತೂತು ಹೊಡೆದ ಎರಡು ಬ್ಯಾರಲ್ ಇಟ್ಟಿದ್ದೇವೆ. ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣ ಎಲೆ, ಮೇಲೆ ಸ್ವಲ್ಪ ಹಳೆ ಗೊಬ್ಬರ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಅಂತ ಲೆಕ್ಕ. ಒಣ ಎಲೆ ಹಾಕಿ ಕೆದಕಿ. ಎಲೆ ಸಿಗದಿದ್ದರೆ ಮೊಟ್ಟೆ ಟ್ರೇ ಹರಿದು ಹಾಕಿ. ಅದು ಎಷ್ಟೋ ಸಲ ಕರಗಿ ಬಂದ ಹಳೆ ಕಾಗದ, ಎಳೆ ಸಣ್ಣಗಾಗಿರುತ್ತದೆ, ಬೇಗ ಮಣ್ಣಾಗುತ್ತದೆ. ಒಂದು ಬ್ಯಾರಲ್ ತುಂಬಿದ ಮೇಲೆ ಎರಡು-ಮೂರು ತಿಂಗಳು ಬಿಡಿ. ತೆಂಗಿನ ಚಿಪ್ಪು ಮಾತ್ರ ಹಾಕಬೇಡಿ, ವರ್ಷವಾದರೂ ಹಾಗೇ ಇರುತ್ತದೆ.

ಕೊನೆಗೆ ಜಾಗದ ಮಾತು. ಮೊದಲ ಮಳೆಗಾಲದಲ್ಲಿ ಚೀಲಗಳನ್ನು ನಮ್ಮ ಮೆಟ್ಟಿಲ ಕೆಳಗೆ ನೆಲದ ಮೇಲೇ ಇಟ್ಟಿದ್ದೆ. ಮೇಲಿಂದ ಹನಿಯೂ ಸೋರಲಿಲ್ಲ. ನೆಲದಿಂದ ಥಂಡಿ ಏರಿ ಅಡಿಯ ರಟ್ಟೆಲ್ಲ ಬೂಸ್ಟು ಹಿಡಿಯಿತು. 31 ವರ್ಷ ಕಾಗದದ ಜೊತೆ ಬದುಕಿದವನ ಮನೆಯಲ್ಲಿ! ಈಗ ಅಡಿಯಲ್ಲಿ ಎರಡು ಇಟ್ಟಿಗೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಚೀಲ. ಗೋಡೆಗೂ ಚೀಲಕ್ಕೂ ನಡುವೆ ಒಂದು ಗೇಣು ಬಿಡಿ.